ತಾಲೀಮಿನ ಊರು

ಬಾರಿ ಬಂದರಿನ ಬೆನ್ನಿಗೆ ನಮ್ಮ ಬ್ಯಾಂಕು,
ಮೂರನೇ ಗಾಜಿನ ಹಿಂದೆ ನಾನು, ಫಿಲೊಮೆನಾ.
ಗುರುವಾರ ಮಧ್ಯಾಹ್ನ, ಈ ಊರ ಮುದುಕಿಯರು
ನಿದ್ದೆ ಹೋಗುವ ಹೊತ್ತಿಗೆ
ಅವರನ್ನು ಮೀಯಿಸಿ ಉಣಿಸುವ ಹೆಂಗಸರು
ಟೋಕನ್ ಹಿಡಿದು ಬಂದು ಕೂರುತ್ತಾರೆ.

ನಾನುಲಿ ತಂದದ್ದು ಮಾತ್ರೆ ಪೊಟ್ಟಣದ ರಟ್ಟು.
ಅದರ ಒಳಮೈಯಲ್ಲಿ ಪೆನ್ಸಿಲ್ಲಿನ ಹನ್ನೊಂದು ಅಕ್ಷರ.
‘ಇಷ್ಟೇನಾ ವಿಳಾಸ?
ವ್ಯಾನಿನ ತಮಾಜಿಗಾದರೆ ಹೇಳುತ್ತಿದ್ದೆ:
ಓಜುರ್ಗೆಟಿ, ಚಹಾ ಫ್ಯಾಕ್ಟರಿ ದಾಟಿ ಎಡಕ್ಕೆ,
ಹಸಿರು ಗೇಟು, ನಾಯಿ ಬೊಗಳುತ್ತೆ, ಕಚ್ಚಲ್ಲ.
ಇದರಲ್ಲಿ ನಾಯಿ ಎಲ್ಲಿ?’

ನಾಯಿ ಇಲ್ಲ. ಮೊದಲ ನಾಲ್ಕು ಬ್ಯಾಂಕಿನ ಹೆಸರು,
ಮುಂದಿನೆರಡು ದೇಶ.
‘ಜಿ, ಇ,’ ಬೆರಳಿಟ್ಟಳು, ‘ಸರಿಯಾಗಿ ನೋಡಿ,
ಹೋದ ಸಲ ನಿಮ್ಮವನೊಬ್ಬ ಜರ್ಮನಿ ಅಂದುಬಿಟ್ಟ.’
ಆಮೇಲೆರಡು ಊರು. ಕೊನೆಗೆ ಮೂರು ಎಕ್ಸ್.
‘ಯಾರು ಸತ್ತರು?’
ಯಾರೂ ಇಲ್ಲ. ಶಾಖೆಯ ಹೆಸರಿಲ್ಲದಿದ್ದರೆ ಹಾಗೆ ಬರೆಯುತ್ತೇವೆ.
ಆದರೂ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು,
ಯಾವುದಕ್ಕೂ ಇರಲಿ ಅಂತ.

ಉದ್ದೇಶ?
ಮಗಳು ಎಥೆರಿ ರೊಟ್ಟಿ ಅಂಗಡಿ ಇಡುತ್ತಾಳೆ,
ಒಲೆಗೆ ಮುಂಗಡ, ಹಳೇ ಒಲೆ,
ಮಾರುವವನು ಅಣ್ಣ ಗೊಚಾನ ಷಡ್ಡಕ, ಮಹಾ ಸುಳ್ಳುಗಾರ,
ಒಲೆ ಮಾತ್ರ ಸುಳ್ಳಾಡುವುದಿಲ್ಲ, ಬಾಗಿಲಿಗೊಂದು ಹಿಡಿ ಬೇಕು...
ಸಾಲಿಗೆ ಮೂವತ್ತೈದೇ ಅಕ್ಷರ.
ಕುಟುಂಬ ನೆರವು, ಎಂದು ಒತ್ತಿದೆ.

ಖರ್ಚು ಯಾರದು? ನಿಮ್ಮದು, ಅವರದು, ಇಬ್ಬರದು,
ಮೂರು ಚೌಕ.
ನಡುವೆ ಇನ್ನೊಂದು ಬ್ಯಾಂಕು ಕೂತಿರುತ್ತದೆ,
ದೇವರು ಕೊಟ್ಟರೂ ಕೊಡದ ಪೂಜಾರಿಯಂತೆ,
ಕೈ ದಾಟಿಸುವಾಗ ಚಿಟಿಕೆ ಮುರಿದುಕೊಳ್ಳುತ್ತದೆ.
‘ನನ್ನದೇ,’ ಅಂದಳು, ‘ಒಲೆಗೆ ಚಿಟಿಕೆ ಕಮ್ಮಿಯಾಗಬಾರದು.’

ಪರದೆ ಕೆಂಪಾಯಿತು.
ಇಂಥ ಬ್ಯಾಂಕು ಇಲ್ಲ.

ಮತ್ತೆ ಒತ್ತಿದೆ. ಇಲ್ಲ.
ನಾನುಲಿ ಪರದೆಯನ್ನಲ್ಲ, ನನ್ನನ್ನು ನೋಡುತ್ತಿದ್ದಳು,
ರೋಗಿಯ ಮುಖ ನೋಡಿಯೇ ಜ್ವರ ಎಷ್ಟೆಂದು ತಿಳಿಯುವವಳು.
ಕನ್ನಡಕ ಒರೆಸಿ ರಟ್ಟನ್ನು ದೀಪಕ್ಕೆ ಹಿಡಿದೆ.
ಎಂಟನೆಯದು ಓ. ನಾನು ಹೊಡೆದದ್ದು ಸೊನ್ನೆ.

ಇಪ್ಪತ್ತೆರಡು ವರ್ಷದ ಕೆಲಸ, ಆ ದುಂಡಗಿನ ಒಂದು ತಪ್ಪು
ಕಿವಿಯವರೆಗೆ ಬಿಸಿಯಾಯಿತು.
ಮುಚ್ಚಿಕೊಳ್ಳಲು ಮಾತು ಬೆಳೆಸಿದೆ:
ಆ ಜಾಗದಲ್ಲಿ ಸೊನ್ನೆ ಇಟ್ಟರೆ ಅದು ಪರೀಕ್ಷೆಗೆಂದು ಮಾಡಿದ ಕೋಡ್,
ತಾಲೀಮಿನ ಬ್ಯಾಂಕು, ತಾಲೀಮಿನ ಊರು.
ಸಂದೇಶ ಹೋಗುತ್ತದೆ, ಉತ್ತರವೂ ಬರುತ್ತದೆ,
ಕಾಸು ಮಾತ್ರ ಒಂದೂ ಅಲುಗುವುದಿಲ್ಲ.

ನಾನುಲಿ ನಕ್ಕಳು. ಸಾಲಿನಲ್ಲಿದ್ದವರು ತಿರುಗಿ ನೋಡುವಷ್ಟು.
‘ಆ ಊರು ನನಗೆ ಗೊತ್ತು, ಸಿನ್ಯೋರಾ.
ಒಂಬತ್ತು ವರ್ಷದಿಂದ ಅಲ್ಲೇ ಇದ್ದೇನೆ.
ಫೋನಿನಲ್ಲಿ ಎಥೆರಿ ಕೇಳುತ್ತಾಳೆ, ಯಾವಾಗ ಬರುತ್ತೀ?
ಸಂದೇಶ ಹೋಗುತ್ತದೆ, ಉತ್ತರ ಬರುತ್ತದೆ.’

ನಾನು ಸೊನ್ನೆ ಅಳಿಸಿ ಓ ಹಾಕಿದೆ.
ನೋಡಲು ಎರಡೂ ಒಂದೇ ಬಳೆ,
ಒಂದಕ್ಕೆ ಬಾಯಿದೆ, ಇನ್ನೊಂದಕ್ಕಿಲ್ಲ.

ಪರದೆ ಹಸಿರಾಯಿತು, ಅವಳ ಗೇಟಿನಂತೆ.

ಹೇಳಬೇಕೆನಿಸಿತು: ನಿಜದ ಊರಿಗೂ ಹಣ ನಡೆದು ಹೋಗುವುದಿಲ್ಲ,
ಇಲ್ಲೊಂದು ಲೆಕ್ಕ ಇಳಿಯುತ್ತದೆ, ಅಲ್ಲೊಂದು ಏರುತ್ತದೆ,
ದಾರಿಯಲ್ಲಿ ಇರುವುದು ಬರೀ ಮಾತು.
ಹೇಳಲಿಲ್ಲ. ರಸೀದಿ ಕೊಟ್ಟೆ.
ಅದನ್ನು ನಾಲ್ಕು ಮಡಿಕೆ ಮಾಡಿ ರವಿಕೆಗೆ ಸೇರಿಸಿದಳು.

ಮುಂದಿನ ತಿಂಗಳು ಬಂದಾಗ ಕೈಯಲ್ಲಿ ರಟ್ಟಿಲ್ಲ.
ಬಾಯಿಪಾಠವಾಗಿದೆಯಂತೆ. ಅವಳ ಮುದುಕಿಗೆ
ಸೂಪು ಕುಡಿಸುವಾಗ ಚಮಚಕ್ಕೊಂದು ಅಕ್ಷರ ಹೇಳುತ್ತಾಳಂತೆ.
ಹೆತ್ತ ಮಕ್ಕಳ ಹೆಸರು ಮರೆತ ಆಕೆ
ಈಗ ಊರಿನ ತನಕ ತಪ್ಪಿಲ್ಲದೆ ಒಪ್ಪಿಸುತ್ತಾಳಂತೆ,
ಓ ಬಂದಾಗ ಬಾಯಿ ಚೆನ್ನಾಗಿ ತೆರೆಯುತ್ತಾಳಂತೆ.

‘ಆ ಮೂರು ಎಕ್ಸಿಗೆ ಮಾತ್ರ
ತುಟಿ ಬಿಗಿದು ತಲೆ ಆಡಿಸಿಬಿಡುತ್ತಾಳೆ, ಹಟಮಾರಿ.
ಪ್ರತಿ ರಾತ್ರಿ ಮೂರು ಚಮಚ ಉಳಿಯುತ್ತದೆ.
ನಾನೇ ಕುಡಿಯುತ್ತೇನೆ.’